ವಸಂತದಲ್ಲಿ ಮಳೆಯ ಲೆಕ್ಕ

ಮುಂಗಾರಿಗೆ ಎರಡು ತಿಂಗಳು ಮುಂಚೆಯೇ ಅದರ ಫಲ ಹೇಳುವ ರೂಢಿ ಭಾರತದಲ್ಲಿ ಹವಾಮಾನ ಇಲಾಖೆಗಿಂತ ಬಹಳ ಹಳೆಯದು. ಆರನೆಯ ಶತಮಾನದ ವರಾಹಮಿಹಿರ ಬೃಹತ್ಸಂಹಿತೆಯಲ್ಲಿ, ಮೋಡ ಗರ್ಭ ಕಟ್ಟಿದ 195 ದಿನಗಳಿಗೆ ಮಳೆ ಸುರಿಯುತ್ತದೆ ಎಂದು ಲೆಕ್ಕ ಹಾಕಿದ್ದ. ಯುಗಾದಿಯ ಪಂಚಾಂಗ ಶ್ರವಣದ್ದು ಇನ್ನೊಂದು ಲೆಕ್ಕ. ಚೈತ್ರ ಶುದ್ಧ ಪಾಡ್ಯ ಯಾವ ವಾರ ಬಿತ್ತೋ ಆ ವಾರದ ಗ್ರಹ ವರ್ಷದ ರಾಜ. ಸೂರ್ಯ ಆರಿದ್ರಾ ನಕ್ಷತ್ರಕ್ಕೆ ಕಾಲಿಡುವ ವಾರದ ಗ್ರಹ ಮೇಘಾಧಿಪತಿ. ಸಮುದ್ರಕ್ಕೆಷ್ಟು, ಬೆಟ್ಟಕ್ಕೆಷ್ಟು, ಭೂಮಿಗೆಷ್ಟು ಎಂದು ಮಳೆಯನ್ನು ಪಾಲು ಮಾಡಿ ಓದುತ್ತಾರೆ. ಅದೂ ಇಡೀ ದೇಶಕ್ಕೆ ಒಂದೇ ಪಾಲು.

ಆದರೆ ಮಳೆ ಊರೂರಿಗೆ ಬೇರೆ. ಬೆಳಗಾವಿ ಜಿಲ್ಲೆ ನಿಪ್ಪಾಣಿ ತಾಲೂಕಿನ ಕೊಗನೊಳ್ಳಿ ಇರುವುದು ಮಹಾರಾಷ್ಟ್ರದ ಕಾಗಲ್‌ಗೆ ತಾಗಿ, ದೂಧಗಂಗಾ ನದಿಯ ಈಚೆಗೆ. ಇಲ್ಲಿಂದ ಪಶ್ಚಿಮಕ್ಕೆ ಸಾಗಿದರೆ ಸಹ್ಯಾದ್ರಿಯ ಜಡಿಮಳೆ, ಪೂರ್ವಕ್ಕೆ ರಾಯಬಾಗ, ಅಥಣಿಯ ಕಡೆ ಹೋದರೆ ಮಳೆನೆರಳಿನ ನೆಲ. ಈ ಸೀಮೆಯ ಒಕ್ಕಲಿಗೆ ಪಂಚಾಂಗದ ರಾಜ–ಮಂತ್ರಿಗಳಿಗಿಂತ ಮಳೆ ನಕ್ಷತ್ರಗಳೇ ಹೆಚ್ಚು ಕೆಲಸಕ್ಕೆ ಬಂದವು. ಒಂದೊಂದು ನಕ್ಷತ್ರಕ್ಕೆ ಹದಿಮೂರು–ಹದಿನಾಲ್ಕು ದಿನ. ಅಶ್ವಿನಿ, ಭರಣಿಯ ಅಡ್ಡಮಳೆ ಬಿದ್ದರೆ ಹೊಲ ಹರಗಲು ಹದ. ಜೂನ್ 7–8ಕ್ಕೆ ಮಿರಗ (ಮೃಗಶಿರಾ) ಹೂಡಿದರೆ ಬಿತ್ತಿಗೆಯ ತಯಾರಿ. ಮಳೆ ಎಷ್ಟು ಬಂದೀತು ಎಂಬುದನ್ನು ಈ ಲೆಕ್ಕ ಹೇಳುವುದಿಲ್ಲ, ಯಾವಾಗ ಏನು ಮಾಡಬೇಕು ಎಂಬುದನ್ನು ಹೇಳುತ್ತದೆ. ಅದು ಇಂದಿಗೂ ಬಾಳಿರುವುದಕ್ಕೆ ಇದೇ ಕಾರಣವಿರಬೇಕು. ಭವಿಷ್ಯ ಬೇಕೆಂದವರಿಗೆ ಹತ್ತಿರದಲ್ಲೇ ಅಪ್ಪಾಚಿವಾಡಿಯ ಹಾಲಸಿದ್ಧನಾಥನ ಜಾತ್ರೆ, ಗಡಿಯಾಚೆ ಪಟ್ಟಣಕೊಡೋಲಿಯ ವಿಠ್ಠಲ ಬೀರದೇವರ ಜಾತ್ರೆ ಇವೆ. ಅಲ್ಲಿ ನುಡಿಯುವ ‘ಭಾಕಣೂಕ’ ಮಳೆ, ಬೆಳೆ, ಧಾರಣೆ, ರಾಜಕಾರಣ ಯಾವುದನ್ನೂ ಬಿಡುವುದಿಲ್ಲ.

ಸರಕಾರಕ್ಕೆ ಮಳೆಯ ಮುನ್ಸೂಚನೆಯ ಚಿಂತೆ ಹತ್ತಿದ್ದು ಬರದಿಂದ. ಹವಾಮಾನ ಇಲಾಖೆ 1875ರಲ್ಲಿ ಹುಟ್ಟಿತು. ಮರುವರ್ಷವೇ ದಖ್ಖಣದಲ್ಲಿ ಮಳೆ ಕೈಕೊಟ್ಟು 1876–78ರ ಮಹಾಕ್ಷಾಮ ಬಂತು. ಬೆಳಗಾವಿ ಆಗ ಮುಂಬಯಿ ಪ್ರಾಂತ್ಯದ ಜಿಲ್ಲೆ, ಆ ಕ್ಷಾಮದ ಪೆಟ್ಟು ತಿಂದ ಪ್ರದೇಶ. ಇಲಾಖೆಯ ಮೊದಲ ಮುಖ್ಯಸ್ಥ ಹೆನ್ರಿ ಬ್ಲ್ಯಾನ್‌ಫರ್ಡ್ ಹಿಮಾಲಯದತ್ತ ನೋಡಿದ. ವಸಂತದಲ್ಲಿ ಅಲ್ಲಿ ಹಿಮ ಹೆಚ್ಚು ಉಳಿದರೆ ನೆಲ ಕಾಯುವುದು ತಡವಾಗಿ ಮುಂಗಾರು ಸೊರಗುತ್ತದೆ ಎಂಬುದು ಅವನ ತರ್ಕ. 1886ರ ಜೂನ್ 4ರಂದು ಮೊದಲ ಕ್ರಮಬದ್ಧ ಮುನ್ಸೂಚನೆ ಹೊರಬಂತು.

ಅವನ ನಂತರ ಬಂದ ಜಾನ್ ಎಲಿಯಟ್ ಹಿಮದ ಜೊತೆಗೆ ಹಿಂದೂ ಮಹಾಸಾಗರ ಮತ್ತು ಆಸ್ಟ್ರೇಲಿಯದ ವಾಯುಸ್ಥಿತಿಯನ್ನೂ ಸೇರಿಸಿಕೊಂಡ. 1899ರಲ್ಲಿ ಅವನು ಒಳ್ಳೆಯ ಮಳೆ ಎಂದ. ಬಂದದ್ದು ಘೋರ ಬರ. ಪತ್ರಿಕೆಗಳು ಇಲಾಖೆಯನ್ನು ಹಿಗ್ಗಾಮುಗ್ಗಾ ಜಾಡಿಸಿದವು, ಮುಂದೆ ಕೆಲಕಾಲ ಮುನ್ಸೂಚನೆ ಅಧಿಕಾರಿಗಳ ನಡುವಿನ ಗುಟ್ಟಾಯಿತು. 1904ರಲ್ಲಿ ಅಧಿಕಾರ ವಹಿಸಿಕೊಂಡ ಗಿಲ್ಬರ್ಟ್ ವಾಕರ್ ಕೇಂಬ್ರಿಜ್‌ನ ಗಣಿತಜ್ಞ. ಜಗತ್ತಿನ ಮೂಲೆಮೂಲೆಯ ವಾಯುಭಾರ, ಉಷ್ಣತೆಗಳನ್ನು ಭಾರತದ ಮಳೆಯೊಂದಿಗೆ ಹೋಲಿಸಲು ಗುಮಾಸ್ತರ ತಂಡವನ್ನೇ ಕೂರಿಸಿದ. ಕಂಪ್ಯೂಟರ್ ಇಲ್ಲದ ಕಾಲದ ಆ ಕೈಲೆಕ್ಕದಿಂದ ‘ದಕ್ಷಿಣದ ಆಂದೋಲನ’ ಕಣ್ಣಿಗೆ ಬಿತ್ತು: ಶಾಂತಸಾಗರದ ಮೇಲೆ ಒತ್ತಡ ಏರಿದರೆ ಹಿಂದೂ ಮಹಾಸಾಗರದ ಮೇಲೆ ಇಳಿಯುತ್ತದೆ. ಶಾಂತಸಾಗರದ ನೀರು ಬಿಸಿಯೇರುವ ಎಲ್ ನಿನೊಗೂ ಈ ಆಂದೋಲನಕ್ಕೂ ಇರುವ ನಂಟು ಸ್ಪಷ್ಟವಾದದ್ದು 1960ರ ದಶಕದಲ್ಲಿ. ವಾಕರ್‌ನ ಇನ್ನೊಂದು ಕೆಲಸಕ್ಕೆ ಅಷ್ಟು ಹೆಸರು ಬರಲಿಲ್ಲ: ಇಡೀ ದೇಶಕ್ಕೆ ಒಂದೇ ಅಂಕಿ ಸಾಲದೆಂದು ಕಂಡು, ವಾಯವ್ಯ ಭಾರತ, ಪರ್ಯಾಯದ್ವೀಪ ಎಂದು ಭಾಗಗಳಾಗಿ ಒಡೆದದ್ದು.

1988ರಲ್ಲಿ ವಿಜ್ಞಾನಿ ವಸಂತ ಗೋವಾರಿಕರ್ ತಂಡ 16 ಸೂಚಕಗಳ ಮಾದರಿ ತಂದಿತು. ಮುಂದೆ 2001ರವರೆಗೆ ಮಳೆಯೂ ಸಾಧಾರಣವಾಗಿಯೇ ಬಂದದ್ದರಿಂದ ಅದರ ಕೀರ್ತಿ ಬೆಳೆಯಿತು. 2002ರಲ್ಲಿ ಸಾಧಾರಣ ಮಳೆ ಎಂದಾಗ ಶೇ 19ರಷ್ಟು ಕೊರತೆಯಾಯಿತು, ಮಾದರಿ ಬದಲಾಯಿತು. 2003ರಿಂದ ಏಪ್ರಿಲ್‌ನಲ್ಲೊಮ್ಮೆ, ಆಮೇಲೆ ಇನ್ನೊಮ್ಮೆ ಹೇಳುವ ಎರಡು ಹಂತದ ಪದ್ಧತಿ ಬಂತು.

ದೇಶದ ಸರಾಸರಿಗೂ ಊರಿನ ಹೊಲಕ್ಕೂ ಎಷ್ಟು ಅಂತರವೆಂಬುದು 2019ರಲ್ಲಿ ಈ ಸೀಮೆಗೆ ಚೆನ್ನಾಗಿ ಗೊತ್ತಾಯಿತು. ಏಪ್ರಿಲ್‌ನ ಮುನ್ಸೂಚನೆ ವಾಡಿಕೆಯ ಶೇ 96 ಎಂದಿತ್ತು. ಜೂನ್‌ನಲ್ಲಿ ದೇಶದಾದ್ಯಂತ ಮೂರನೇ ಒಂದು ಪಾಲು ಮಳೆ ಖೋತಾ. ಆಗಸ್ಟ್‌ನಲ್ಲಿ ಕೃಷ್ಣೆ, ವೇದಗಂಗೆ, ದೂಧಗಂಗೆ ಉಕ್ಕಿ, ನಿಪ್ಪಾಣಿ ಬಳಿಯ ಯಮಗರ್ಣಿಯಲ್ಲಿ ಪುಣೆ–ಬೆಂಗಳೂರು ಹೆದ್ದಾರಿಯ ಮೇಲೇ ನೀರು ಹರಿಯಿತು. ಋತು ಮುಗಿದಾಗ ಲೆಕ್ಕ ಶೇ 110. ಇಂಥ ಅಂಕಿ ಉಗ್ರಾಣಕ್ಕೂ ಖಜಾನೆಗೂ ಬೇಕು. ಕೂರಿಗೆ ಹಿಡಿದವನಿಗೆ ಅದರಿಂದ ಆಗುವ ಉಪಕಾರ ಕಡಿಮೆ.

2024ರ ಅಕ್ಟೋಬರ್‌ನಿಂದ ಗ್ರಾಮ ಪಂಚಾಯಿತಿ ಮಟ್ಟದ ಮುನ್ಸೂಚನೆಯೂ ಸಿಗುತ್ತಿದೆ. ಆದರೆ ಅದು ಐದು ದಿನಗಳದ್ದು.