ಮನೆಯಲ್ಲೇ ಕಟ್ಟುವ ಸ್ಪೋರ್ಟ್ಸ್ ಕಾರು: ಗೇರ್‌ಬಾಕ್ಸ್ ಆಯ್ಕೆ ಹೇಗೆ?

ಮಳಿಗೆಯಲ್ಲಿ ಕಾರು ಕೊಳ್ಳುವವರಿಗೆ ಆಟೊಮ್ಯಾಟಿಕ್ ಗೇರೋ ಮ್ಯಾನುಯಲ್ ಗೇರೋ ಎಂಬುದು ಅಭಿರುಚಿ ಹಾಗೂ ಹಣದ ಪ್ರಶ್ನೆ. ತಮ್ಮ ಗ್ಯಾರೇಜಿನಲ್ಲಿ ತಾವೇ ಸ್ಪೋರ್ಟ್ಸ್ ಕಾರು ಕಟ್ಟಲು ಹೊರಟವರಿಗಾದರೋ ಅದು ಉಕ್ಕಿನ ಕೊಳವೆಗೆ ಗರಗಸ ಹಾಕುವ ಮೊದಲೇ ಇತ್ಯರ್ಥವಾಗಬೇಕಾದ ವಿಷಯ. ಚಾಸಿಯ ನಡುವಿನ ಸುರಂಗದ ಅಗಲ, ಪೆಡಲುಗಳ ಜಾಗ, ಪ್ರೊಪೆಲ್ಲರ್ ಶಾಫ್ಟಿನ ಉದ್ದ, ರೇಡಿಯೇಟರ್, ವೈರಿಂಗ್ ಎಲ್ಲವೂ ಗೇರ್‌ಬಾಕ್ಸನ್ನು ಅನುಸರಿಸುತ್ತವೆ. ಅರ್ಧ ದಾರಿಯಲ್ಲಿ ಮನಸ್ಸು ಬದಲಿಸಿದರೆ ತಿಂಗಳುಗಟ್ಟಲೆ ಮಾಡಿದ ಬೆಸುಗೆಯನ್ನು ಬಿಚ್ಚಬೇಕಾಗುತ್ತದೆ.

ಈ ಹವ್ಯಾಸದ ತವರು ಬ್ರಿಟನ್. ಕಾಲಿನ್ ಚಾಪ್ಮನ್ ರೂಪಿಸಿದ ಲೋಟಸ್ ಸೆವೆನ್ 1957ರಲ್ಲಿ ಬಂದಾಗ ಅದನ್ನು ಬಿಡಿಭಾಗಗಳ ಕಿಟ್ ರೂಪದಲ್ಲಿ ಕೊಳ್ಳುವವರಿಗೆ ಅಂದಿನ ಖರೀದಿ ತೆರಿಗೆ ತಪ್ಪುತ್ತಿತ್ತು. 1973ರಲ್ಲಿ ಆ ಮಾದರಿಯ ಹಕ್ಕು ಕೇಟರ್‌ಹ್ಯಾಮ್ ಕಂಪನಿಗೆ ಹೋಯಿತು. ಕೇವಲ 250 ಪೌಂಡ್‌ಗಳಲ್ಲಿ ಸ್ಪೋರ್ಟ್ಸ್ ಕಾರು ಕಟ್ಟಬಹುದೆಂದು ರಾನ್ ಚಾಂಪಿಯನ್ ಬರೆದ ಕೈಪಿಡಿ 1996ರಲ್ಲಿ ಪ್ರಕಟವಾದ ಬಳಿಕ, ಹಳೆಯ ಫೋರ್ಡ್ ಎಸ್ಕಾರ್ಟ್ ಕಾರಿನ ಭಾಗಗಳಿಂದ ಕಟ್ಟುವ ‘ಲೋಕಾಸ್ಟ್’ ಕಾರುಗಳು ಜನಪ್ರಿಯವಾದವು. ಅಮೆರಿಕದಲ್ಲಿ 1962ರ ಎಸಿ ಕೋಬ್ರಾದ ಪ್ರತಿರೂಪಗಳಿಗೆ ಬೇಡಿಕೆ ಹೆಚ್ಚು. ಗೇರ್‌ಬಾಕ್ಸ್ ಚರ್ಚೆಯಲ್ಲಿ ಈ ಎರಡು ಬಗೆಯ ಕಾರುಗಳಿಗೆ ಉತ್ತರ ಒಂದೇ ಅಲ್ಲ.

ಹಗುರ ಕಾರಿಗೆ ಮ್ಯಾನುಯಲ್

ಮ್ಯಾನುಯಲ್ ವ್ಯವಸ್ಥೆಯಲ್ಲಿ ಎಂಜಿನ್ ಮತ್ತು ಗೇರುಗಳ ನಡುವೆ ಇರುವುದು ಒಣ ಕ್ಲಚ್. ಪೆಡಲ್ ಬಿಟ್ಟೊಡನೆ ಶಕ್ತಿ ಬಹುಮಟ್ಟಿಗೆ ಸೋರಿಕೆಯಿಲ್ಲದೆ ಚಕ್ರಕ್ಕೆ ಸಾಗುತ್ತದೆ. ಆಟೊಮ್ಯಾಟಿಕ್‌ನಲ್ಲಿ ಕ್ಲಚ್ ಸ್ಥಾನವನ್ನು ಟಾರ್ಕ್ ಕನ್ವರ್ಟರ್ ವಹಿಸುತ್ತದೆ. ಎಂಜಿನ್ ತಿರುಗಿಸುವ ಪಂಖವೊಂದು ತೈಲವನ್ನು ಚಿಮ್ಮಿಸಿ ಎದುರಿನ ಪಂಖವನ್ನು ತಿರುಗಿಸುತ್ತದೆ. ಹೊರಡುವ ಹೊತ್ತಿನಲ್ಲಿ ಇದು ಎಂಜಿನ್ನಿನ ತಿರುಚುಬಲವನ್ನು ಸುಮಾರು ಎರಡು ಪಟ್ಟು ಹೆಚ್ಚಿಸಬಲ್ಲದು. ಆದರೆ ತೈಲ ಜಾರುವಾಗ ಒಂದಷ್ಟು ಶಕ್ತಿ ಶಾಖವಾಗಿ ವ್ಯಯವಾಗುತ್ತದೆ.

ಸೆವೆನ್ ಮಾದರಿಯ ಕಾರಿನ ತೂಕ ಸುಮಾರು 500ರಿಂದ 600 ಕಿಲೋ. ಎಂಜಿನ್ ಸಾಮಾನ್ಯವಾಗಿ ನಾಲ್ಕು ಸಿಲಿಂಡರಿನದು. ಇಲ್ಲಿ ಸೋರಿ ಹೋಗುವ ಶಕ್ತಿಯೂ, ಸೇರಿಕೊಳ್ಳುವ ತೂಕವೂ ಚಾಲಕನ ಅನುಭವಕ್ಕೆ ಬರುತ್ತವೆ. ಇಕ್ಕಟ್ಟಾದ ಸುರಂಗದಲ್ಲಿ ಆಟೊಮ್ಯಾಟಿಕ್‌ನ ದಪ್ಪ ಮುಂಭಾಗ ಹಿಡಿಸುವುದೂ ಕಷ್ಟ. ಫೋರ್ಡ್ ಸಿಯೆರಾ ಕಾರಿನ ಐದು ಗೇರಿನ ‘ಟೈಪ್ 9’ ಪೆಟ್ಟಿಗೆ ಹಾಗೂ ಮಾಜ್ದಾ ಎಂಎಕ್ಸ್-5 ಕಾರಿನ ಪೆಟ್ಟಿಗೆಗಳು ಈ ವರ್ಗದಲ್ಲಿ ನೆಲೆಯೂರಿರುವುದು ಇದೇ ಕಾರಣಕ್ಕೆ. ಅವು ಹಿಂಚಕ್ರ ಚಾಲನೆಗೆಂದೇ ರೂಪುಗೊಂಡವು, ಕಿರಿದಾದವು ಮತ್ತು ಬಿಡಿಭಾಗ ಸಿಗುವಂಥವು.

ಹಲವರು ಮೋಟಾರ್‌ಸೈಕಲ್ ಎಂಜಿನ್ನಿನ ಮೊರೆ ಹೋಗುತ್ತಾರೆ. ಸುಜುಕಿ ಹಯಬುಸಾ, ಯಮಹಾ ಆರ್-1 ಎಂಜಿನ್ನುಗಳಲ್ಲಿ ಗೇರ್‌ಬಾಕ್ಸ್ ಒಡಲಲ್ಲೇ ಇರುವುದರಿಂದ ಆಯ್ಕೆಯ ಗೊಂದಲವಿಲ್ಲ. ಆದರೆ ಅವುಗಳಲ್ಲಿ ರಿವರ್ಸ್ ಗೇರ್ ಇರುವುದಿಲ್ಲ. ಅದನ್ನು ಪ್ರತ್ಯೇಕವಾಗಿ ಜೋಡಿಸಬೇಕು.

ವಿ-8 ಕಾರಿನ ಲೆಕ್ಕ ಬೇರೆ

ಕೋಬ್ರಾ ಪ್ರತಿರೂಪದಂಥ ಕಾರುಗಳಲ್ಲಿ ದೊಡ್ಡ ವಿ-8 ಎಂಜಿನ್ ಇರುವುದರಿಂದ ಕನ್ವರ್ಟರ್ ನುಂಗುವ ಶಕ್ತಿ ಅಷ್ಟಾಗಿ ಬಾಧಿಸದು. ಇಲ್ಲಿ ಮುಖ್ಯ ಪ್ರಶ್ನೆ, ಪೆಟ್ಟಿಗೆ ಎಂಜಿನ್ನಿನ ತಿರುಚುಬಲವನ್ನು ತಾಳುವುದೇ ಎಂಬುದು. ಫೋರ್ಡ್ ಮಸ್ಟಾಂಗ್‌ನಿಂದ ಕಳಚಿ ತರುವ ಟಿ-5 ಮ್ಯಾನುಯಲ್ ಪೆಟ್ಟಿಗೆ ಹಗುರ ಮತ್ತು ಅಗ್ಗ. ಆದರೆ 1990ರ ದಶಕದ ಆರಂಭದ ಮಸ್ಟಾಂಗ್ ಟಿ-5ಕ್ಕೆ ತಯಾರಕರು ಹೇಳಿದ ಮಿತಿ ಸುಮಾರು 400 ನ್ಯೂಟನ್ ಮೀಟರ್. ಅದಕ್ಕಿಂತ ಬಲಿಷ್ಠ ಎಂಜಿನ್ ಇಡುವವರು 800 ನ್ಯೂಟನ್ ಮೀಟರ್‌ವರೆಗೆ ತಾಳುವ ಟ್ರೆಮೆಕ್ ಟಿಕೆಎಕ್ಸ್‌ನಂಥ ಪೆಟ್ಟಿಗೆಗೆ ಹೆಚ್ಚು ಹಣ ತೆರಬೇಕು.

ಆಟೊಮ್ಯಾಟಿಕ್ ಪೈಕಿ ಜನರಲ್ ಮೋಟಾರ್ಸ್‌ನ ಮೂರು ಗೇರಿನ ಟಿಎಚ್-350 ಸರಳ ಹಾಗೂ ಗಟ್ಟಿ. 1982ರಲ್ಲಿ ಬಂದ ನಾಲ್ಕು ಗೇರಿನ 700ಆರ್4ರಲ್ಲಿ ಓವರ್‌ಡ್ರೈವ್ ಇದೆ. ಇದರ ಮಹತ್ವ ಹೆದ್ದಾರಿಯಲ್ಲಿ ತಿಳಿಯುತ್ತದೆ. ಚಕ್ರದ ಸುತ್ತಳತೆ 1.9 ಮೀಟರ್, ಹಿಂದಿನ ಡಿಫರೆನ್ಷಿಯಲ್ ಅನುಪಾತ 3.55 ಎಂದಿಟ್ಟುಕೊಳ್ಳೋಣ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಮೂರು ಗೇರಿನ ಪೆಟ್ಟಿಗೆಯ ಮೇಲಿನ ಗೇರಿನಲ್ಲಿ ಎಂಜಿನ್ ನಿಮಿಷಕ್ಕೆ ಸುಮಾರು 3,100 ಬಾರಿ ತಿರುಗುತ್ತದೆ. 0.70 ಅನುಪಾತದ ಓವರ್‌ಡ್ರೈವ್ ಇದ್ದರೆ ಸುಮಾರು 2,200 ಸಾಕು. ಮೇಲ್ಛಾವಣಿಯಿಲ್ಲದ ಕಾರಿನಲ್ಲಿ ನೂರಾರು ಕಿಲೋಮೀಟರ್ ಸಾಗುವವರಿಗೆ ಈ ಅಂತರವೇ ಸುಖ ಪ್ರಯಾಣಕ್ಕೂ ತಲೆನೋವಿಗೂ ನಡುವಿನ ಅಂತರ. ಮ್ಯಾನುಯಲ್ ಆರಿಸುವವರೂ ಐದನೆಯ ಗೇರಿನ ಅನುಪಾತವನ್ನು ಹೀಗೆಯೇ ಲೆಕ್ಕ ಹಾಕಿ ನೋಡುವುದು ಒಳಿತು.

ಬೆಲೆಪಟ್ಟಿಯಲ್ಲಿ ಕಾಣದ ಖರ್ಚು

ಮ್ಯಾನುಯಲ್ ಎಂದರೆ ಪೆಟ್ಟಿಗೆಯೊಂದೇ ಅಲ್ಲ. ಫ್ಲೈವೀಲ್, ಕ್ಲಚ್, ಪೆಡಲ್ ಮತ್ತು ಅದನ್ನು ಎಳೆಯುವ ಕೇಬಲ್ ಅಥವಾ ಹೈಡ್ರಾಲಿಕ್ ಜೋಡಣೆಯೂ ಬೇಕು. ಎಂಜಿನ್ ಆಟೊಮ್ಯಾಟಿಕ್ ಕಾರಿನಿಂದ ಬಂದದ್ದಾದರೆ ಕ್ರ್ಯಾಂಕ್‌ಶಾಫ್ಟಿನ ಹಿಂತುದಿಯಲ್ಲಿ ಗೇರ್‌ಬಾಕ್ಸಿನ ಮುಂದಣ ಶಾಫ್ಟನ್ನು ಹಿಡಿದಿಡುವ ಪುಟ್ಟ ಬೇರಿಂಗಿಗೆ ರಂಧ್ರ ಕೊರೆದಿರದೆ ಇರಬಹುದು. ಇದು ಕೊಳ್ಳುವ ಮುನ್ನವೇ ನೋಡಬೇಕಾದ ಅಂಶ.

ಆಟೊಮ್ಯಾಟಿಕ್‌ಗೆ ತೈಲ ತಣಿಸುವ ಕೂಲರ್ ಮತ್ತು ಕೊಳವೆಗಳು ಬೇಕು. ಪಾರ್ಕ್ ಅಥವಾ ನ್ಯೂಟ್ರಲ್‌ನಲ್ಲಿ ಮಾತ್ರ ಎಂಜಿನ್ ಚಾಲೂ ಆಗುವಂತೆ ಮಾಡುವ ಸ್ವಿಚ್ ಸುರಕ್ಷತೆಯ ದೃಷ್ಟಿಯಿಂದ ಅನಿವಾರ್ಯ. 700ಆರ್4ರಲ್ಲಿ ಕಾರ್ಬುರೇಟರಿನಿಂದ ಗೇರ್‌ಬಾಕ್ಸಿಗೆ ಹೋಗುವ ಥ್ರಾಟಲ್ ಕೇಬಲ್ ಒಳಗಿನ ತೈಲದ ಒತ್ತಡವನ್ನು ನಿರ್ಧರಿಸುತ್ತದೆ. ಅದರ ಹೊಂದಾಣಿಕೆ ತಪ್ಪಿದರೆ ಒಳಗಿನ ಕ್ಲಚ್ ತಟ್ಟೆಗಳು ಅಲ್ಪಕಾಲದಲ್ಲೇ ಸುಟ್ಟುಹೋಗುತ್ತವೆ. ಅನಂತರದ ಎಲೆಕ್ಟ್ರಾನಿಕ್ ಪೆಟ್ಟಿಗೆಗಳಲ್ಲಿ ಕೇಬಲ್ ಇಲ್ಲ, ಬದಲಿಗೆ ಪ್ರತ್ಯೇಕ ನಿಯಂತ್ರಣ ಕಂಪ್ಯೂಟರ್ ಕೊಳ್ಳಬೇಕು. ಪೋರ್ಷೆ 911ಕ್ಕೆ 2008ರಲ್ಲಿ ಬಂದ ಎರಡು ಕ್ಲಚ್‌ಗಳ ಪೆಟ್ಟಿಗೆ ಕ್ಷಿಪ್ರತೆಯಲ್ಲಿ ಚಾಲಕನ ಕೈಯನ್ನು ಮೀರಿಸಿತಾದರೂ, ಅಂಥ ಪೆಟ್ಟಿಗೆಯನ್ನು ಮೂಲ ಕಾರಿನ ಕಂಪ್ಯೂಟರುಗಳಿಂದ ಬೇರ್ಪಡಿಸಿ ದುಡಿಸುವುದು ಗ್ಯಾರೇಜಿನ ಹವ್ಯಾಸಿಗೆ ಸುಲಭವಲ್ಲ.

ಎಡಗಾಲಿನ ಪ್ರಶ್ನೆ

ಆಟೊಮ್ಯಾಟಿಕ್ ಇದ್ದರೆ ಅದು ಸ್ಪೋರ್ಟ್ಸ್ ಕಾರೇ ಅಲ್ಲವೆಂದು ಮೂಗು ಮುರಿಯುವವರು ಒಂದು ಸಂಗತಿಯನ್ನು ಮರೆಯುತ್ತಾರೆ. ಬಲಿಷ್ಠ ಎಂಜಿನ್ನಿಗೆ ಜೋಡಿಸಿದ ಕ್ಲಚ್ ಪೆಡಲ್ ಬಿಗಿಯಾಗಿರುತ್ತದೆ. ಮಂಡಿ ಸವೆದವರು, ಎಡಗಾಲು ಕಳೆದುಕೊಂಡವರು ವರ್ಷಗಟ್ಟಲೆ ದುಡಿದು ಕಟ್ಟಿದ ಕಾರನ್ನು ತಾವೇ ಓಡಿಸಲಾಗದಿದ್ದರೆ ಆ ದುಡಿಮೆಗೆ ಅರ್ಥವೇನು? ಬ್ರಿಟನ್‌ನಲ್ಲಿ ಆಟೊಮ್ಯಾಟಿಕ್ ಕಾರಿನಲ್ಲಿ ಚಾಲನಾ ಪರೀಕ್ಷೆ ಗೆದ್ದವರಿಗೆ ಮ್ಯಾನುಯಲ್ ಓಡಿಸುವ ಪರವಾನಗಿ ದೊರೆಯುವುದಿಲ್ಲ. ಮನೆಮಂದಿಯಲ್ಲಿ ಯಾರೆಲ್ಲ ಕಾರು ಓಡಿಸುತ್ತಾರೆ ಎಂಬುದೂ ಆದ್ದರಿಂದ ನಿರ್ಧಾರದ ಭಾಗವಾಗಬೇಕು.

ರಸ್ತೆಗಿಳಿಯುವ ಮುನ್ನ

ಬ್ರಿಟನ್‌ನಲ್ಲಿ ಕೈಯಾರೆ ಕಟ್ಟಿದ ಕಾರು 2009ರಿಂದ ಜಾರಿಯಲ್ಲಿರುವ ಐವಿಎ ಎಂಬ ಬಿಡಿ ವಾಹನ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ನೋಂದಣಿಗೆ ಅರ್ಹ. ಭಾರತದಲ್ಲಿ ಇಂಥ ದಾರಿ ಸುಗಮವಾಗಿಲ್ಲ. ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನ ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಹೀಗಾಗಿ ರಾಜ್ಯದ ಆಸಕ್ತರಿಗೆ ಮುಖ್ಯವಾಗಿ ಉಳಿದಿರುವುದು ರೇಸ್ ಟ್ರ್ಯಾಕ್ ಮಾತ್ರ. ಬೆಂಗಳೂರಿನ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನ ಅಶ್ವ ರೇಸಿಂಗ್ ತಂಡದಂತೆ ವಿದ್ಯಾರ್ಥಿಗಳು ಸ್ಪರ್ಧೆಗೆಂದು ಕಾರು ಕಟ್ಟುವ ಪರಂಪರೆ ಇಲ್ಲಿಯೂ ಇದೆ.

ಒಟ್ಟಿನಲ್ಲಿ, ಹಗುರ ಕಾರು, ಸಣ್ಣ ಎಂಜಿನ್, ತಿರುವುಗಳ ರಸ್ತೆ ಇದ್ದರೆ ಮ್ಯಾನುಯಲ್ ಸೂಕ್ತ. ದೊಡ್ಡ ಎಂಜಿನ್, ದೂರದ ಪಯಣ ಅಥವಾ ದಣಿದ ಮಂಡಿ ಇದ್ದರೆ ಓವರ್‌ಡ್ರೈವ್ ಉಳ್ಳ ಆಟೊಮ್ಯಾಟಿಕ್ ಲೇಸು. ಯಾವುದನ್ನೇ ಆರಿಸಿದರೂ ಮೊದಲು ಪೆಟ್ಟಿಗೆಯನ್ನು ತಂದು ನೆಲದ ಮೇಲಿಟ್ಟು ಅಳತೆ ತೆಗೆದುಕೊಳ್ಳಬೇಕು. ಚಾಸಿಗೆ ಬೆಸುಗೆ ಹಾಕುವ ಕೆಲಸ ಏನಿದ್ದರೂ ಆಮೇಲೆ.