ಮೋಸದ ಪತ್ರಕ್ಕೆ ಎಷ್ಟು ಆಯಸ್ಸು?

ಪಿರಿಯಾಪಟ್ಟಣದ ಗಡಿ ದಾಟಿದರೆ ಕೊಡಗು. ಅಲ್ಲಿನ ಮಡಿಕೇರಿಯಲ್ಲಿ ದೊರೆತ ಗಂಗ ಅವಿನೀತನ ಹೆಸರಿನ ತಾಮ್ರಪಟ, ಬದನೆಗುಪ್ಪೆ ಎಂಬ ಊರನ್ನು ತಲಕಾಡಿನ ಜಿನಾಲಯಕ್ಕೆ ದಾನ ಕೊಟ್ಟ ಸಂಗತಿ ಹೇಳುತ್ತದೆ. ಅದು ಅಸಲಿಯಲ್ಲ, ಎಷ್ಟೋ ಕಾಲದ ಮೇಲೆ ಯಾರೋ ಹುಟ್ಟಿಸಿದ್ದು ಎಂದು ಶಾಸನತಜ್ಞ ಜೆ.ಎಫ್. ಫ್ಲೀಟ್ ವಾದಿಸಿದರು, ಇನ್ನೊಬ್ಬ ಶಾಸನತಜ್ಞ ಬಿ.ಎಲ್. ರೈಸ್ ಒಪ್ಪಲಿಲ್ಲ. ಆ ಜಗಳ ಏನೇ ಇರಲಿ, ಜಮೀನಿಗಾಗಿ ಪತ್ರ ಹುಟ್ಟಿಸುವ ಚಾಳಿ ಹಳೆಯದೆಂಬುದರಲ್ಲಿ ಅನುಮಾನವಿಲ್ಲ. ಚಾಲುಕ್ಯರ ಕಲ್ಯಾಣದಲ್ಲಿ ಕೂತು ವಿಜ್ಞಾನೇಶ್ವರ ವ್ಯಾಖ್ಯಾನ ಬರೆದ ಯಾಜ್ಞವಲ್ಕ್ಯ ಸ್ಮೃತಿ, ಕಳ್ಳ ತಕ್ಕಡಿ, ಕಳ್ಳ ಅಳತೆ, ಕಳ್ಳ ನಾಣ್ಯಗಳ ಜೊತೆಗೇ ಕಳ್ಳ ಶಾಸನವನ್ನೂ ಸೇರಿಸಿ ಅತಿ ಹೆಚ್ಚಿನ ದಂಡ ಹಾಕುತ್ತದೆ. ಬಲಾತ್ಕಾರದಿಂದಲೋ ವಂಚನೆಯಿಂದಲೋ ಆದ ವ್ಯವಹಾರವನ್ನು ರದ್ದುಮಾಡಬೇಕೆಂದೂ ಹೇಳುತ್ತದೆ. ಮಾಡಿದವನನ್ನು ದಂಡಿಸುವುದು, ಮಾಡಿದ್ದನ್ನು ಅಳಿಸುವುದು: ಈ ಎರಡು ದಾರಿಗಳಲ್ಲಿ ಹೆಸರು ಮಾಡಿದ್ದು ಮೊದಲನೆಯದು. ಬಾಳಿನುದ್ದಕ್ಕೂ ಬೆನ್ನು ಬಿಡದಿರುವುದು ಎರಡನೆಯದು.

1860ರ ದಂಡ ಸಂಹಿತೆ 420ನೇ ಕಲಮಿನಲ್ಲಿ ವಂಚನೆಗೆ 7 ವರ್ಷದವರೆಗೆ ಸೆರೆವಾಸ ಇಟ್ಟಿತು. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮಾಗಿದೆ, ಶಿಕ್ಷೆ ಅಷ್ಟೇ ಇದೆ. ಸಿವಿಲ್ ಕಾನೂನು ಮಾತ್ರ ಸದ್ದಿಲ್ಲದೆ ಬಹಳ ದೂರ ನಡೆದಿದೆ. ಮೋಸದಿಂದ ಪಡೆದ ಒಪ್ಪಿಗೆಯನ್ನು ರದ್ದುಪಡಿಸಿಕೊಳ್ಳಬಹುದೆಂದು 1872ರ ಕರಾರು ಕಾಯಿದೆ ಹೇಳಿತು. ಮೋಸ ಗೊತ್ತಾದ ದಿನದಿಂದಲೇ ಅವಧಿ ಎಣಿಸಬೇಕೆಂದು 1963ರ ಕಾಲಮಿತಿ ಕಾಯಿದೆ ಹೇಳಿತು. ತಾನೇ ಬರೆದುಕೊಟ್ಟಿದ್ದ ಹಕ್ಕು ಬಿಡುಗಡೆ ಪತ್ರವನ್ನು ಮುಚ್ಚಿಟ್ಟು ಡಿಕ್ರಿ ಪಡೆದವನೊಬ್ಬನ ಪ್ರಕರಣದಲ್ಲಿ 1993ರಲ್ಲಿ ಸುಪ್ರೀಂ ಕೋರ್ಟು, ಅಂಥ ಡಿಕ್ರಿ ಹುಟ್ಟುವಾಗಲೇ ಸತ್ತದ್ದು, ಯಾವ ನ್ಯಾಯಾಲಯದಲ್ಲಾದರೂ ಪ್ರಶ್ನಿಸಬಹುದು ಎಂದಿತು.

ಈ ದಾರಿಯಲ್ಲಿ ಹುಣಸೂರಿಗೆ ದೊಡ್ಡ ಪಾಲಿದೆ. ತಾಲ್ಲೂಕಿನ ಕಲ್ಲಹಳ್ಳಿಯ ಡಿ. ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ 1978ರ ಪಿ.ಟಿ.ಸಿ.ಎಲ್. ಕಾಯಿದೆ ಬಂತು. ದರಖಾಸ್ತಿನಲ್ಲಿ ಜಮೀನು ಪಡೆದ ಪರಿಶಿಷ್ಟ ಜಾತಿ, ಪಂಗಡದವರಿಂದ ಐನೂರಕ್ಕೋ ಸಾವಿರಕ್ಕೋ ಹೆಬ್ಬೆಟ್ಟು ಒತ್ತಿಸಿಕೊಂಡು ಬರೆಸಿಕೊಂಡ ಕ್ರಯಪತ್ರಗಳನ್ನು ಹೊಡೆದುಹಾಕಿದ ಕಾಯಿದೆ ಇದು. ಇದರ ದೊಡ್ಡಗುಣವೆಂದರೆ, ಕಳೆದುಕೊಂಡವರು ಮೋಸ ನಡೆಯಿತೆಂದು ಸಾಬೀತುಪಡಿಸಬೇಕಿಲ್ಲ. ಮಂಜೂರಾತಿಯ ಷರತ್ತು ಮುರಿದಿದೆ ಎಂದು ತೋರಿಸಿದರೆ ಸಾಕು. ಬರಹ ಬಾರದವರು ಬರಹ ಬಲ್ಲವರ ಕಪಟವನ್ನು ಸಾಕ್ಷಿ ಸಮೇತ ರುಜುವಾತು ಮಾಡಲಿ ಎನ್ನುವುದೇ ಅನ್ಯಾಯವಾಗುತ್ತಿತ್ತು. 1984ರಲ್ಲಿ ಸುಪ್ರೀಂ ಕೋರ್ಟು ಕಾಯಿದೆಯನ್ನು ಎತ್ತಿಹಿಡಿಯಿತು. 2017ರಲ್ಲಿ ಅದೇ ಕೋರ್ಟು, ಅರ್ಜಿ ಹಾಕಲು ಸಮಂಜಸ ಅವಧಿ ಇರಬೇಕೆಂದಿತು. ತಡವಾಗಿ ಬಂದ ಅರ್ಜಿಗಳು ಬಿದ್ದುಹೋಗತೊಡಗಿದವು. 2023ರ ತಿದ್ದುಪಡಿ ಆ ಗಡುವನ್ನು ತೆಗೆದುಹಾಕಿತು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯವರು ಇಂಥ ಅರ್ಜಿ ಹಿಡಿದು ಬರಬೇಕಾದದ್ದು ಹುಣಸೂರಿನ ಎ.ಸಿ. (ಉಪವಿಭಾಗಾಧಿಕಾರಿ) ಕೋರ್ಟಿಗೇ. ಅರಸರ ಊರಿನಲ್ಲೇ ಅರಸರ ಕಾಯಿದೆಯ ವಿಚಾರಣೆ. ಎದುರುಕಕ್ಷಿಯಲ್ಲಿ ನಿಂತಿರುವುದು ಅನೇಕ ಸಲ ಮೊದಲು ಬರೆಸಿಕೊಂಡವನಲ್ಲ, ಅವನಿಂದ ಕೊಂಡವನ ಮಗ ಅಥವಾ ಮೊಮ್ಮಗ.

ಸುಳ್ಳು ಜಾತಿ ಪ್ರಮಾಣಪತ್ರದ ಕಥೆಯೂ ಇದೇ ಜಾಡಿನದು. ಎಚ್.ಡಿ. ಕೋಟೆ ಪರಿಶಿಷ್ಟ ಪಂಗಡಕ್ಕೆ ಮೀಸಲಾದ ಕ್ಷೇತ್ರ. ಜೇನುಕುರುಬರ ಹಾಡಿಗಳಿರುವ ನೆಲ. ಅವರ ಪಾಲಿನ ಹುದ್ದೆಯನ್ನು ಸುಳ್ಳು ಕಾಗದದಿಂದ ಕಸಿದರೆ ಹಾಡಿಯ ಒಬ್ಬ ಹುಡುಗನ ಬದುಕನ್ನೇ ಕಸಿದಂತೆ. 1994ರಲ್ಲಿ ಸುಪ್ರೀಂ ಕೋರ್ಟು ಪರಿಶೀಲನಾ ಸಮಿತಿಗಳನ್ನು ಕಡ್ಡಾಯ ಮಾಡಿತು. 2000ದಲ್ಲಿ, ಓದು ಮುಗಿಸಿದ್ದ ಒಬ್ಬ ವೈದ್ಯನ ಪದವಿಯನ್ನು ಉಳಿಸಿ ಕನಿಕರ ತೋರಿತು. 2017ಕ್ಕೆ ಆ ಬಾಗಿಲು ಮುಚ್ಚಿತು: ಮಹಾರಾಷ್ಟ್ರದ ಪ್ರಕರಣಗಳಲ್ಲಿ ನ್ಯಾಯಾಲಯ, ಎಷ್ಟು ವರ್ಷ ಸೇವೆ ಮಾಡಿದ್ದರೂ ರಕ್ಷಣೆಯಿಲ್ಲ, ಪಡೆದದ್ದನ್ನು ಬಿಡಲೇಬೇಕು ಎಂದಿತು. ನನಗೆ ಈ ತೀರ್ಪೇ ಸರಿ ಅನಿಸುತ್ತದೆ.

ಖಾನಾಪುರದ ಅಬ್ದುಲ್ ಕರೀಂ ತೆಲಗಿಯ ನಕಲಿ ಛಾಪಾ ಕಾಗದ ಎಲ್ಲರಿಗೂ ಗೊತ್ತು. ಅವನಿಗೆ 30 ವರ್ಷ ಕಠಿಣ ಶಿಕ್ಷೆ, 202 ಕೋಟಿ ರೂಪಾಯಿ ದಂಡ. 2017ರಲ್ಲಿ ಕೈದಿಯಾಗಿಯೇ ಬೆಂಗಳೂರಿನಲ್ಲಿ ಸತ್ತ. ಸೆರೆವಾಸ ಸಾವಿನೊಂದಿಗೆ ಮುಗಿಯುತ್ತದೆ, ದಂಡ ಮುಗಿಯುವುದಿಲ್ಲ: ಸತ್ತವನ ಸಾಲಕ್ಕೆ ಹೊಣೆಯಾಗುವ ಆಸ್ತಿ ದಂಡಕ್ಕೂ ಹೊಣೆ ಎಂದು 1860ರ ಸಂಹಿತೆಯೇ ಬರೆದಿಟ್ಟಿತ್ತು.

ಈಗ ಹಳ್ಳಿಗಳನ್ನು ಹೆಚ್ಚು ಸುಡುತ್ತಿರುವುದು ಚೀಟಿ ಮತ್ತು ಠೇವಣಿ. ಹೊಗೆಸೊಪ್ಪಿನ ಹರಾಜು ಶುರುವಾಗಿ ರೈತರ ಖಾತೆಗೆ ದುಡ್ಡು ಬೀಳುವ ಹೊತ್ತಿಗೆ ಹೆಚ್ಚು ಬಡ್ಡಿಯ ಆಸೆ ತೋರಿಸುವವನೂ ಮನೆ ಬಾಗಿಲಿಗೆ ಬರುತ್ತಾನೆ. ಅನುಮತಿಯಿಲ್ಲದೆ ಠೇವಣಿ ಎತ್ತಿ ಮೋಸದಿಂದ ಕೈಯೆತ್ತಿದರೆ 2019ರ ಕೇಂದ್ರ ಕಾಯಿದೆಯಲ್ಲಿ 3ರಿಂದ 10 ವರ್ಷ ಸೆರೆವಾಸ. ಕರ್ನಾಟಕದ 2004ರ ಠೇವಣಿದಾರರ ಕಾಯಿದೆ ಆಸ್ತಿಯನ್ನೇ ಜಪ್ತಿಮಾಡಿ ಮಾರಿ ಹಂಚುತ್ತದೆ, ಬೇರೆಯವರ ಹೆಸರಿನಲ್ಲಿ ಇಟ್ಟಿದ್ದರೂ ಬಿಡುವುದಿಲ್ಲ. ದಿವಾಳಿ ಅರ್ಜಿ ಹಾಕಿ ಪಾರಾಗೋಣವೆಂದರೆ, ಮೋಸದಿಂದ ಹುಟ್ಟಿದ ಸಾಲಕ್ಕೆ 1920ರ ದಿವಾಳಿ ಕಾಯಿದೆಯಲ್ಲೂ ಮಾಫಿಯಿಲ್ಲ. ಕೇಸು ನಡೆಯುತ್ತಿರುವಾಗ ಪಾಸ್‌ಪೋರ್ಟ್ ನಿರಾಕರಿಸಬಹುದು. ಸರ್ಕಾರಿ ಕೆಲಸ ಸಿಕ್ಕರೂ ಪೊಲೀಸ್ ವೆರಿಫಿಕೇಷನ್ ಫಾರಂನಲ್ಲಿ ಕೇಸು ಮುಚ್ಚಿಟ್ಟರೆ ಆ ಕೆಲಸಕ್ಕೇ ಕುತ್ತು.

ಆರೋಪಿಯ ಮನೆಯವರಿಗೆ ಇದೆಲ್ಲ ಕಾಣಿಸುವುದು ಪಹಣಿಯಲ್ಲಿ. 11ನೇ ಕಾಲಂನಲ್ಲಿ ಜಪ್ತಿ ಆದೇಶ ಒಮ್ಮೆ ಏರಿತೆಂದರೆ ಆ ಸರ್ವೆ ನಂಬರಿನ ಮೇಲೆ ಬೆಳೆ ಸಾಲ ಹುಟ್ಟುವುದಿಲ್ಲ, ಮಾರಲು ಬರುವುದಿಲ್ಲ. ತಂದೆ ಜಾಮೀನಿನ ಮೇಲೆ ಹೊರಗಿದ್ದರೂ, ಮಗ ಸೊಸೈಟಿಯ ಕೌಂಟರಿನಿಂದ ಬರಿಗೈಯಲ್ಲಿ ಹಿಂತಿರುಗುತ್ತಾನೆ. ಆ ನಮೂದು ತೆಗೆಸಬೇಕಾದರೆ ಜಪ್ತಿ ಮಾಡಿದ ಕೋರ್ಟಿನಿಂದಲೇ ಆದೇಶ ತರಬೇಕು.