ಮನೆಯ ವೈದ್ಯರೋ, ಸ್ತ್ರೀರೋಗತಜ್ಞರೋ?

ಮೈಯಲ್ಲಿ ಯಾವ ರೋಗವೂ ಕಾಣದ, ಗರ್ಭಿಣಿಯೂ ಅಲ್ಲದ ಒಬ್ಬ ಹೆಂಗಸು ಆಗಾಗ ತನ್ನ ಆರೋಗ್ಯವನ್ನು ಪರೀಕ್ಷೆ ಮಾಡಿಸಿಕೊಳ್ಳಬೇಕೆಂದು ಬಯಸಿದರೆ ಯಾರ ಬಳಿಗೆ ಹೋಗತಕ್ಕದ್ದು? ಮನೆಮಂದಿಗೆಲ್ಲ ಔಷಧ ಕೊಡುವ ಸಾಮಾನ್ಯ ವೈದ್ಯರ ಬಳಿಗೋ, ಸ್ತ್ರೀರೋಗಗಳಲ್ಲಿಯೇ ವಿಶೇಷ ಪರಿಶ್ರಮವುಳ್ಳ ತಜ್ಞರ ಬಳಿಗೋ? ನೋಡುವುದಕ್ಕೆ ಇದು ಚಿಕ್ಕ ಪ್ರಶ್ನೆ. ಆದರೆ ಅಮೆರಿಕ ಇದಕ್ಕೆ ಒಂದು ಉತ್ತರವನ್ನು ಕೊಟ್ಟಿತು; ಇಂಗ್ಲೆಂಡು ಮತ್ತೊಂದನ್ನು ಕೊಟ್ಟಿತು; ನಮ್ಮ ದೇಶವು ಪ್ರಶ್ನೆಯನ್ನು ಸರಿಯಾಗಿ ಕೇಳಿಕೊಳ್ಳುವುದಕ್ಕೆ ಮೊದಲೇ ಮೂರನೆಯ ದಾರಿಯನ್ನು ಹಿಡಿಯಿತು. ಹೆಣ್ಣಿನ ಶರೀರ ಮೂರು ದೇಶಗಳಲ್ಲಿಯೂ ಒಂದೇ. ಉತ್ತರಗಳು ಬೇರೆಬೇರೆಯಾದುದೇಕೆಂಬುದನ್ನು ಚರಿತ್ರೆಯಲ್ಲಿ ಹುಡುಕಬೇಕಾಗಿದೆ.

ಬಹುಕಾಲ ಈ ಪ್ರಶ್ನೆ ಹುಟ್ಟಲೇ ಇಲ್ಲ. ಹೆರಿಗೆ ಸೂಲಗಿತ್ತಿಯ ಕೆಲಸವಾಗಿತ್ತು. ಉಳಿದ ಕಾಯಿಲೆಗಳಿಗೆ ಊರಿನ ವೈದ್ಯನಿದ್ದ. ಪಾಶ್ಚಾತ್ಯ ದೇಶಗಳಲ್ಲಿ ಹದಿನೇಳನೆಯ ಶತಮಾನದಿಂದ ಈಚೆಗೆ ಗಂಡಸರು ಬಾಣಂತಿಯ ಕೋಣೆಯನ್ನು ಹೆಚ್ಚುಹೆಚ್ಚಾಗಿ ಪ್ರವೇಶಿಸಿದರು. ಇಂಗ್ಲೆಂಡಿನ ಚೇಂಬರ್ಲೆನ್ ಮನೆತನದವರು ಮಗುವಿನ ತಲೆಯನ್ನು ಹಿಡಿದು ಹೊರಕ್ಕೆ ತೆಗೆಯುವ ಇಕ್ಕಳವನ್ನು ಕಂಡುಹಿಡಿದು, ನೂರು ವರ್ಷಕ್ಕೂ ಮಿಕ್ಕಿ ಅದನ್ನು ಮನೆಯ ಗುಟ್ಟಾಗಿ ಇಟ್ಟುಕೊಂಡಿದ್ದರು. ಆ ಇಕ್ಕಳದಿಂದ ಉಳಿದ ಜೀವಗಳನ್ನು ಎಣಿಸುವಾಗ, ಅದು ಪೆಟ್ಟಿಗೆಯೊಳಗೆ ಅಡಗಿದ್ದುದರಿಂದ ಹೋದ ಜೀವಗಳನ್ನೂ ನೆನೆಯಬೇಕು.

ಸ್ತ್ರೀರೋಗ ಚಿಕಿತ್ಸೆಯು ಪ್ರತ್ಯೇಕ ವಿದ್ಯೆಯಾಗಿ ಬೆಳೆಯುವುದಕ್ಕೆ ದೊಡ್ಡ ಕಾರಣನಾದವನೆಂದು ಹೇಳಲಾಗುವ ಅಮೆರಿಕದ ಶಸ್ತ್ರವೈದ್ಯ ಮೇರಿಯನ್ ಸಿಮ್ಸನ ಕಥೆಯೂ ನಿಷ್ಕಳಂಕವಾದುದಲ್ಲ. ಕಷ್ಟಪ್ರಸವದಿಂದ ಮೂತ್ರಕೋಶದ ಗೋಡೆ ತೂತಾಗಿ ಸದಾ ಮೂತ್ರ ಸೋರುತ್ತಿದ್ದ ಗುಲಾಮ ಸ್ತ್ರೀಯರ ಮೇಲೆ ಅವನು 1845 ರಿಂದ 1849 ರವರೆಗೆ ಅಲಬಾಮ ಸಂಸ್ಥಾನದಲ್ಲಿ ಶಸ್ತ್ರಪ್ರಯೋಗಗಳನ್ನು ನಡೆಸಿದನು. ಅನಾರ್ಕ ಎಂಬ ಹುಡುಗಿಯೊಬ್ಬಳ ಮೇಲೆಯೇ ಸುಮಾರು ಮೂವತ್ತು ಸಲ ಕತ್ತಿಯಾಡಿತು. ನೋವನ್ನು ಮರೆಸುವ ಈಥರ್ 1846 ರಲ್ಲಿಯೇ ಪ್ರಸಿದ್ಧಿಗೆ ಬಂದಿದ್ದರೂ ಇವರಿಗೆ ಅದು ದೊರೆಯಲಿಲ್ಲ. ಕೊನೆಗೆ ಬೆಳ್ಳಿಯ ತಂತಿಯ ಹೊಲಿಗೆಯಿಂದ ಗಾಯ ಕೂಡಿತು. ಸಿಮ್ಸನು ನ್ಯೂಯಾರ್ಕಿಗೆ ಹೋಗಿ, ಅಲ್ಲಿ 1855 ರಲ್ಲಿ ಸ್ತ್ರೀಯರಿಗೆಂದೇ ಮೀಸಲಾದ ಆಸ್ಪತ್ರೆ ಸ್ಥಾಪಿತವಾಗುವಂತೆ ಮಾಡಿದನು. ಆ ನಗರದ ಉದ್ಯಾನದಲ್ಲಿದ್ದ ಅವನ ವಿಗ್ರಹವನ್ನು 2018 ರಲ್ಲಿ ತೆಗೆದುಹಾಕಲಾಯಿತು.

ಮುಂದೆ ತಜ್ಞರ ಸಂಘಗಳೂ ಪರೀಕ್ಷಾಮಂಡಲಿಗಳೂ ಏರ್ಪಟ್ಟವು: ಬ್ರಿಟನ್ನಿನ ಕಾಲೇಜು 1929 ರಲ್ಲಿ, ಅಮೆರಿಕದ ಮಂಡಲಿ 1930 ರಲ್ಲಿ. ಆದರೂ ಆರೋಗ್ಯವಂತಳಾದ ಹೆಂಗಸು ಇವರ ಬಾಗಿಲಿಗೆ ಹೋಗುವುದಕ್ಕೆ ಕಾರಣವಿರಲಿಲ್ಲ. ಹೆರಿಗೆ ಕಷ್ಟವಾದರೆ, ಹೊಟ್ಟೆಯಲ್ಲಿ ಗೆಡ್ಡೆ ಬೆಳೆದರೆ ತಜ್ಞರು. ಮಿಕ್ಕಂತೆ ಮನೆಯ ವೈದ್ಯರು. ಅಮೆರಿಕದ ಆರೋಗ್ಯವಂತ ಸ್ತ್ರೀಯನ್ನು ವರ್ಷವರ್ಷವೂ ತಜ್ಞರ ಬಾಗಿಲಿಗೆ ಕರೆತಂದುವು ಒಂದು ಗಾಜಿನ ಪಟ್ಟಿ ಮತ್ತು ಒಂದು ಗುಳಿಗೆ.

ಗಾಜಿನ ಪಟ್ಟಿಯ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಜಾರ್ಜ್ ಪಾಪನಿಕೊಲಾವ್ ಎಂಬ ಗ್ರೀಕ್ ವೈದ್ಯನು 1913 ರಲ್ಲಿ ಹೆಂಡತಿಯೊಡನೆ ನ್ಯೂಯಾರ್ಕಿಗೆ ಬಂದಿಳಿದನು. ಮೊದಲು ಅಂಗಡಿಯೊಂದರಲ್ಲಿ ಜಮಖಾನಗಳನ್ನು ಮಾರಿ ಹೊಟ್ಟೆಹೊರೆದು, ಬಳಿಕ ಕಾರ್ನೆಲ್ ವೈದ್ಯಕಾಲೇಜಿನಲ್ಲಿ ಕೆಲಸ ಹಿಡಿದನು. ಗಿನಿಹಂದಿಗಳ ಋತುಚಕ್ರವನ್ನು ಅವುಗಳ ಜನನಾಂಗದ ದ್ರವದ ಲೇಪದಿಂದ ತಿಳಿಯುವ ಬಗೆಯನ್ನು ಅವನು ಅಲ್ಲಿ ಕಂಡುಕೊಂಡನು. ಮನುಷ್ಯರಲ್ಲಿ ಇದನ್ನೇ ನೋಡಲು ಅವನ ಹೆಂಡತಿ ಆಂಡ್ರೊಮಾಕಿ ವರ್ಷಗಟ್ಟಲೆ ತನ್ನಿಂದಲೇ ಲೇಪವನ್ನು ತೆಗೆಯಲು ಒಪ್ಪಿದಳು. ಹೀಗೆ ನೋಡುತ್ತಿರುವಾಗ ರೋಗಿಗಳಾದ ಕೆಲವು ಹೆಂಗಸರ ಲೇಪದಲ್ಲಿ ಕ್ಯಾನ್ಸರಿನ ಜೀವಕಣಗಳು ಸೂಕ್ಷ್ಮದರ್ಶಕದ ಅಡಿಯಲ್ಲಿ ಅವನ ಕಣ್ಣಿಗೆ ಬಿದ್ದವು. 1928 ರಲ್ಲಿ ಇದನ್ನು ಪ್ರಕಟಿಸಿದಾಗ ಯಾರೂ ಅಷ್ಟಾಗಿ ಲಕ್ಷ್ಯಕೊಡಲಿಲ್ಲ. ರೊಮೇನಿಯದ ಆರೆಲ್ ಬಾಬೆಷ್ ಎಂಬಾತನೂ ಅದೇ ಕಾಲದಲ್ಲಿ ಬೇರೆಯಾಗಿಯೇ ಇಂಥದೇ ವಿಧಾನವನ್ನು ಕಂಡುಹಿಡಿದಿದ್ದನು. ಲೋಕ ಅವನ ಹೆಸರನ್ನು ಮರೆತೇಬಿಟ್ಟಿತು. 1941 ರಲ್ಲಿ ಹರ್ಬರ್ಟ್ ಟ್ರಾಟ್ ಎಂಬ ಸ್ತ್ರೀರೋಗತಜ್ಞನೊಡನೆ ಪಾಪನಿಕೊಲಾವ್ ಬರೆದ ಲೇಖನವೂ 1943 ರ ಗ್ರಂಥವೂ ವೈದ್ಯರ ಮನಸ್ಸನ್ನು ಒಲಿಸಿದವು. ಅವನ ಹೆಸರಿನ ಮೊದಲಕ್ಷರಗಳಿಂದ ಅದು ಪ್ಯಾಪ್ ಪರೀಕ್ಷೆ ಎನಿಸಿಕೊಂಡಿತು.

ಇದರ ಉಪಕಾರ ಸಾಮಾನ್ಯವಾದುದಲ್ಲ. ಗರ್ಭಕೋಶದ ಕೊರಳಿನ ಕ್ಯಾನ್ಸರ್ ಆ ಕಾಲದಲ್ಲಿ ಅಮೆರಿಕದ ಹೆಂಗಸರನ್ನು ಬಲಿತೆಗೆದುಕೊಳ್ಳುತ್ತಿದ್ದ ಕ್ಯಾನ್ಸರುಗಳಲ್ಲಿ ಮುಂದಿನ ಸಾಲಿನಲ್ಲಿತ್ತು. ಅದು ಮೆಲ್ಲಮೆಲ್ಲನೆ, ಅನೇಕ ವರ್ಷಗಳ ಕಾಲ ಬೆಳೆಯುವ ರೋಗ. ಬೆಳೆಯುವುದಕ್ಕೆ ಮುಂಚೆ ಹಿಡಿದರೆ ಪ್ರಾಣಭಯವೇ ಇಲ್ಲ. ಲೇಪವನ್ನು ವರ್ಷಕ್ಕೊಮ್ಮೆ ತೆಗೆಯಿಸಬೇಕೆಂಬ ಬೋಧನೆ ಅಮೆರಿಕದಲ್ಲಿ ಎಲ್ಲೆಡೆ ಹಬ್ಬಿತು. ತೆಗೆಯುವ ಕೆಲಸ ಬಹುಮಟ್ಟಿಗೆ ಸ್ತ್ರೀರೋಗತಜ್ಞರದಾಯಿತು. ರೋಗ ನಿಧಾನವಾದುದಾದ್ದರಿಂದ, ಎರಡು ಸಲ ಸರಿಯಾಗಿ ಕಂಡವರಿಗೆ ಮೂರು ವರ್ಷಕ್ಕೊಮ್ಮೆ ಸಾಕೆಂದು ಅಲ್ಲಿನ ಕ್ಯಾನ್ಸರ್ ಸಂಘವೇ 1980 ರಲ್ಲಿ ಹೇಳಿತು. ಆದರೆ ಶಾಸ್ತ್ರ ಬದಲಾದಷ್ಟು ಬೇಗ ರೂಢಿ ಬದಲಾಗುತ್ತದೆಯೆ?

ಆ ರೂಢಿಯನ್ನು ಭದ್ರಪಡಿಸಿದುದು ಗುಳಿಗೆ. 1960 ರಲ್ಲಿ ಅಮೆರಿಕದ ಸರ್ಕಾರ ಗರ್ಭನಿರೋಧಕ ಗುಳಿಗೆಗೆ ಅನುಮತಿಯಿತ್ತಿತು. ಅದನ್ನು ವೈದ್ಯರ ಚೀಟಿಯಿಲ್ಲದೆ ಕೊಳ್ಳುವಂತಿರಲಿಲ್ಲ. ಕೋಟ್ಯಂತರ ತರುಣಿಯರು ಚೀಟಿಯನ್ನು ಹೊಸದುಮಾಡಿಸಿಕೊಳ್ಳಲು ಹೋದಾಗಲೆಲ್ಲ ಲೇಪವನ್ನೂ ತೆಗೆಯಿಸಿಕೊಂಡು ಬಂದರು. ಈ ಭೇಟಿಯೇ ಅವರ ವಾರ್ಷಿಕ ಆರೋಗ್ಯಪರೀಕ್ಷೆಯಾಯಿತು. ಎಷ್ಟೋ ಮಂದಿಗೆ ಬೇರೆ ವೈದ್ಯರೇ ಇರಲಿಲ್ಲ.

ಇದರಿಂದ ಹಾನಿಯೇನೆಂದು ಕೇಳಬಹುದು. ತಜ್ಞರಲ್ಲಿ ರಕ್ತದೊತ್ತಡವನ್ನೂ ಸಿಹಿಮೂತ್ರವನ್ನೂ ತಪ್ಪದೆ ವಿಚಾರಿಸುವವರು ಬಹಳ ಮಂದಿ ಉಂಟು. ಆದರೂ ಕಣ್ಣು ಪಳಗಿದ ಕಡೆಗೇ ಹೆಚ್ಚಾಗಿ ತಿರುಗುತ್ತದೆ. ಅಮೆರಿಕದಲ್ಲಿ ಹೆಂಗಸರ ಮರಣಕ್ಕೆ ಮೊದಲನೆಯ ಕಾರಣ ಗರ್ಭಕೋಶದ ಯಾವ ರೋಗವೂ ಅಲ್ಲ, ಹೃದ್ರೋಗ. ಇದನ್ನು ಒಪ್ಪಿಕೊಳ್ಳುವುದಕ್ಕೆ ಎಷ್ಟು ಕಾಲ ಹಿಡಿಯಿತೆಂಬುದಕ್ಕೆ ಒಂದು ನಿದರ್ಶನ ಸಾಕು. 1964 ರಲ್ಲಿ ಅಲ್ಲಿನ ಹೃದ್ರೋಗ ಸಂಘವು ಆರೆಗನ್ ಸಂಸ್ಥಾನದಲ್ಲಿ ಹೆಂಗಸರಿಗಾಗಿ ಒಂದು ಸಮ್ಮೇಳನವನ್ನು ನಡೆಸಿತು. ಅದರ ವಿಷಯ, ಗಂಡಂದಿರ ಹೃದಯವನ್ನು ಕಾಪಾಡಿಕೊಳ್ಳುವುದು ಹೇಗೆ ಎಂಬುದು! ಕೇಳಲು ಬಂದವರಿಗೂ ಹೃದಯವಿತ್ತೆಂಬುದು ಯಾರಿಗೂ ಹೊಳೆದಂತೆ ಕಾಣುವುದಿಲ್ಲ.

1990 ರ ದಶಕದಲ್ಲಿ ಈ ವಿಷಯ ವ್ಯಾಜ್ಯದ ರೂಪವನ್ನು ತಾಳಿತು. ಅಮೆರಿಕದ ವಿಮಾ ಕಂಪನಿಗಳು ವೆಚ್ಚವನ್ನು ಬಿಗಿಹಿಡಿಯಲು, ಮೊದಲು ಸಾಮಾನ್ಯ ವೈದ್ಯರನ್ನು ಕಂಡು ಅವರ ಶಿಫಾರಸನ್ನು ತಂದವರಿಗೆ ಮಾತ್ರ ತಜ್ಞರ ಶುಲ್ಕವನ್ನು ಕೊಡುವುದೆಂದು ಕಟ್ಟುಮಾಡಿದವು. ಹೆಂಗಸರು ಪ್ರತಿಭಟಿಸಿದರು, ತಾವೂ ಪ್ರಥಮ ವೈದ್ಯರೇ ಎಂದು ತಜ್ಞರು ವಾದಿಸಿದರು. ಒಂದೊಂದಾಗಿ ಹಲವು ಸಂಸ್ಥಾನಗಳೂ, 2010 ರ ಆರೋಗ್ಯ ಕಾನೂನಿನ ಮೂಲಕ ಇಡೀ ದೇಶವೂ, ಶಿಫಾರಸಿಲ್ಲದೆ ಸ್ತ್ರೀರೋಗತಜ್ಞರನ್ನು ಕಾಣುವ ಹಕ್ಕನ್ನು ಮನ್ನಿಸಿದವು. ಹಕ್ಕು ನ್ಯಾಯವಾದುದೇ. ಆದರೆ ಹಣದ ಲೆಕ್ಕ ಎರಡು ಪಕ್ಷಗಳಲ್ಲಿಯೂ ಇತ್ತೆಂಬುದನ್ನು ಮರೆಯಬಾರದು.

ಇನ್ನು ಇಂಗ್ಲೆಂಡು. 1948 ರ ಜುಲೈ 5 ರಂದು ಅಲ್ಲಿ ರಾಷ್ಟ್ರೀಯ ಆರೋಗ್ಯಸೇವೆ ಆರಂಭವಾದಾಗ ಪ್ರತಿಯೊಬ್ಬರ ಹೆಸರೂ ಒಬ್ಬ ಸಾಮಾನ್ಯ ವೈದ್ಯರ ಪಟ್ಟಿಯಲ್ಲಿ ಸೇರಿತು. ತಜ್ಞರನ್ನು ಕಾಣಲು ಅವರ ಪತ್ರ ಬೇಕಾಯಿತು. ಅದೇ ಪ್ಯಾಪ್ ಪರೀಕ್ಷೆ 1960 ರ ದಶಕದಲ್ಲಿ ಅಲ್ಲಿಗೂ ಬಂದಿತು. ಮೊದಮೊದಲು ಅಪಾಯ ಕಡಮೆಯಿದ್ದ ತರುಣಿಯರಿಗೇ ಪರೀಕ್ಷೆ ಮತ್ತೆ ಮತ್ತೆ ನಡೆದು, ಅಪಾಯ ಹೆಚ್ಚಾಗಿದ್ದ ಬಡ ಪ್ರೌಢ ಸ್ತ್ರೀಯರು ಹೊರಗೇ ಉಳಿದರು. 1988 ರಲ್ಲಿ ಪಟ್ಟಿಯಲ್ಲಿದ್ದ ಹೆಂಗಸರಿಗೆಲ್ಲ ಗಣಕಯಂತ್ರದ ಸಹಾಯದಿಂದ ಕರೆಯೋಲೆಯನ್ನು ಕಳುಹಿಸುವ ಏರ್ಪಾಡಾಯಿತು. ಲೇಪ ತೆಗೆಯುವವಳು ಸಾಮಾನ್ಯವಾಗಿ ಆ ವೈದ್ಯರ ಚಿಕಿತ್ಸಾಲಯದ ದಾದಿ. ಮರಣಗಳು ಗಮನಾರ್ಹವಾಗಿ ಇಳಿದವು. ಅಮೆರಿಕದಲ್ಲಿ ತಜ್ಞರ ಕೈಯಲ್ಲಿದ್ದ ಕೆಲಸವನ್ನು ದಾದಿಯೊಬ್ಬಳು ಚೆನ್ನಾಗಿಯೇ ಮಾಡಿದಳು.

ಇಂಗ್ಲೆಂಡಿನ ಪದ್ಧತಿಯೇ ಸರ್ವೋತ್ತಮವೆಂದು ನಾನು ಹೇಳುತ್ತಿಲ್ಲ. ಬಾಗಿಲು ಕಾಯುವವನು ನೋವನ್ನು ನಂಬದಿದ್ದರೆ ಒಳಗಿನ ತಜ್ಞನಿಂದೇನು ಪ್ರಯೋಜನ? ಗರ್ಭಕೋಶದ ಒಳಪೊರೆಯಂಥ ಅಂಗಾಂಶ ಹೊರಗೆ ಬೆಳೆದು ತಿಂಗಳುತಿಂಗಳೂ ಹಿಂಸಿಸುವ ರೋಗವೊಂದುಂಟು. ಇದು ಹೆಣ್ಣಾದವಳು ಸಹಿಸಬೇಕಾದುದೇ ಎಂಬ ಸಮಾಧಾನದ ಮಾತನ್ನು ಕೇಳುತ್ತ, ಅದರ ಹೆಸರನ್ನು ತಿಳಿಯುವುದಕ್ಕೇ ವರ್ಷಗಟ್ಟಲೆ ಅಲೆದ ಹೆಂಗಸರು ಅಲ್ಲಿ ಬಹಳ ಮಂದಿ.

ಹಾಗಾದರೆ ಈಗಿನ ತಿಳಿವಳಿಕೆಯೇನು? ನೋವು, ಸ್ರಾವ ಮೊದಲಾದ ಯಾವ ತೊಂದರೆಯೂ ಇಲ್ಲದ, ಗರ್ಭಿಣಿಯಲ್ಲದ ಹೆಂಗಸರಿಗೆ ವರ್ಷವರ್ಷವೂ ಒಳಪರೀಕ್ಷೆ ನಡೆಸುವುದು ಬೇಡವೆಂದು ಅಮೆರಿಕದ ಸಾಮಾನ್ಯ ವೈದ್ಯಪಂಡಿತರ ಕಾಲೇಜು 2014 ರಲ್ಲಿ ಸೂಚಿಸಿತು. ತಜ್ಞರ ಕಾಲೇಜು ಮೊದಲು ಇದಕ್ಕೆ ಒಪ್ಪದೆ, 2018 ರಲ್ಲಿ ಲಕ್ಷಣಗಳನ್ನು ನೋಡಿ, ಆಕೆಯೊಡನೆ ಮಾತಾಡಿ ನಿರ್ಧರಿಸತಕ್ಕದ್ದೆಂದು ಸಡಿಲಿಸಿತು. ನನ್ನ ಮಟ್ಟಿಗೆ, ರಕ್ತದೊತ್ತಡ, ಸಕ್ಕರೆ, ಥೈರಾಯಿಡ್, ರಕ್ತಹೀನತೆ, ನಿದ್ರೆ, ಮನಸ್ಸಿನ ಕ್ಲೇಶ ಇವೆಲ್ಲವನ್ನೂ ಒಂದೇ ಪುಸ್ತಕದಲ್ಲಿ ಬರೆದಿಡುವ ಸಾಮಾನ್ಯ ವೈದ್ಯರೊಬ್ಬರು ಪ್ರತಿಯೊಬ್ಬ ಹೆಂಗಸಿಗೂ ಬೇಕು. ಲೇಪವನ್ನು ಅಲ್ಲಿಯೇ ತೆಗೆಯಬಲ್ಲರಾದರೆ ಇನ್ನೂ ಲೇಸು. ಮುಟ್ಟು ನಿಂತಮೇಲೆ ಒಂದು ತೊಟ್ಟು ರಕ್ತ ಕಂಡರೂ, ಸ್ರಾವ ಮಿತಿಮೀರಿದರೂ, ಲೇಪದಲ್ಲಿ ದೋಷ ತೋರಿದರೂ ತಡಮಾಡದೆ ಸ್ತ್ರೀರೋಗತಜ್ಞರನ್ನು ಕಾಣಬೇಕು. ಗರ್ಭಿಣಿಯ ವಿಷಯ ಬೇರೆ. ಅದನ್ನು ಇಲ್ಲಿ ಎತ್ತಿಕೊಂಡಿಲ್ಲ.

ನಮ್ಮ ದೇಶದ ದಾರಿ ಬೇರೆಯೆಂದೆನಷ್ಟೆ. ಇಲ್ಲಿ ಹೆಂಗಸರ ವೈದ್ಯ ಎಂಬ ಮಾತಿಗೆ ಹೆಂಗಸಾದ ವೈದ್ಯೆ ಎಂದೇ ಅರ್ಥವಾಯಿತು. ಗೋಷಾ ಪದ್ಧತಿಯೂ ಸಂಕೋಚವೂ ಗಂಡಸಾದ ವೈದ್ಯನನ್ನು ಹೊರಗಿಟ್ಟಿದ್ದವು. ಮದರಾಸಿನ ವೈದ್ಯಕಾಲೇಜು 1875 ರಲ್ಲಿ ಮೇರಿ ಶಾರ್ಲೀಬ್ ಮೊದಲಾದ ನಾಲ್ವರು ಸ್ತ್ರೀಯರನ್ನು ಸೇರಿಸಿಕೊಂಡಿತು. ಹೆಂಗಸರಿಗೆ ಹೆಂಗಸರಿಂದಲೇ ಚಿಕಿತ್ಸೆ ಒದಗಿಸುವುದಕ್ಕಾಗಿ 1885 ರಲ್ಲಿ ಡಫರಿನ್ ನಿಧಿ ಏರ್ಪಟ್ಟಿತು. ಆ ಕಾಲದ ಲೇಡಿ ಡಾಕ್ಟರು ಜ್ವರಕ್ಕೂ ಕಣ್ಣುಬೇನೆಗೂ ಹೆರಿಗೆಗೂ ಒಬ್ಬಳೇ. ಕಾಲಕ್ರಮದಲ್ಲಿ ವೈದ್ಯೆಯರಿಗೆ ತೆರೆದ ಹಾದಿ ಹೆಚ್ಚಾಗಿ ಪ್ರಸೂತಿ ವಿಭಾಗದ್ದೇ ಆಯಿತು. ಬೆಂಗಳೂರಿನಲ್ಲಿ 1935 ರಲ್ಲಿ ತೆರೆದ ವಾಣಿವಿಲಾಸದಂಥ ದೊಡ್ಡ ಆಸ್ಪತ್ರೆಗಳೂ ತಾಯಿಮಕ್ಕಳ ಹೆಸರಿನಲ್ಲಿಯೇ ಬೆಳೆದವು. ಹೀಗೆ ಲೇಡಿ ಡಾಕ್ಟರು ಎಂದರೆ ಹೆರಿಗೆ ಡಾಕ್ಟರು ಎಂಬ ಅರ್ಥ ಮನೆಮಾತಿನಲ್ಲಿ ನಿಂತುಬಿಟ್ಟಿತು. ಕೊನೆಯ ಹೆರಿಗೆಯೊಡನೆ ವೈದ್ಯರ ಸಂಬಂಧವನ್ನೂ ಮುಗಿಸಿ, ತಾನು ನುಂಗುವ ಮಾತ್ರೆಗಿಂತ ಯಜಮಾನರ ಮಾತ್ರೆಯ ಹೊತ್ತನ್ನೇ ಚೆನ್ನಾಗಿ ಬಲ್ಲ ಗೃಹಿಣಿಯನ್ನು ನಮ್ಮ ನಗರಗಳ ಯಾವ ಬೀದಿಯಲ್ಲಿಯೂ ಕಾಣಬಹುದು.

ಆದರೆ ಇಬ್ಬರು ವೈದ್ಯರನ್ನೂ ಕಾಯದೆ ನಡೆಯುವ ದಾರಿಯೂ ನಮ್ಮಲ್ಲಿಯೇ ಪರೀಕ್ಷಿತವಾಗಿದೆ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು ಕೊಳೆಗೇರಿಗಳ ಸುಮಾರು ಒಂದೂವರೆ ಲಕ್ಷ ಹೆಂಗಸರನ್ನು ಎರಡು ಪಂಗಡಮಾಡಿದರು. ಒಂದು ಪಂಗಡದವರಿಗೆ, ಹತ್ತನೆಯ ತರಗತಿಯವರೆಗೆ ಓದಿ ನಾಲ್ಕು ವಾರ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಗರ್ಭಕೋಶದ ಕೊರಳಿಗೆ ತೆಳುವಾದ ವಿನಿಗರ್ ದ್ರವವನ್ನು ಹಚ್ಚಿ ಬಿಳಿಯ ಮಚ್ಚೆಗಳನ್ನು ನೋಡುತ್ತಿದ್ದರು. 2014 ರಲ್ಲಿ ಅಚ್ಚಾದ ಫಲಿತಾಂಶದಂತೆ ಆ ಪಂಗಡದಲ್ಲಿ ಈ ಕ್ಯಾನ್ಸರಿನ ಮರಣ ನೂರಕ್ಕೆ 31 ರಷ್ಟು ಕಡಮೆಯಾಗಿತ್ತು. ಮತ್ತೊಂದು ಪಂಗಡಕ್ಕೆ ತಿಳಿವಳಿಕೆಯನ್ನು ಮಾತ್ರ ಕೊಟ್ಟು ಪರೀಕ್ಷೆ ನಡೆಸದಿದ್ದುದು ನ್ಯಾಯವೆ ಎಂಬ ಆಕ್ಷೇಪಣೆಯೂ ಎದ್ದಿತು. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. 2016 ರಲ್ಲಿ ಭಾರತ ಸರ್ಕಾರವು ಮೂವತ್ತು ದಾಟಿದ ಹೆಂಗಸರಿಗೆ ಈ ಪರೀಕ್ಷೆಯನ್ನೂ, ಅದರ ಜೊತೆಗೇ ಬಾಯಿ ಮತ್ತು ಸ್ತನದ ಕ್ಯಾನ್ಸರ್, ರಕ್ತದೊತ್ತಡ, ಸಿಹಿಮೂತ್ರ ಇವುಗಳ ಪರೀಕ್ಷೆಯನ್ನೂ ಪ್ರಾಥಮಿಕ ಆರೋಗ್ಯ ವ್ಯವಸ್ಥೆಯ ಮೂಲಕವೇ ನಡೆಸತಕ್ಕದ್ದೆಂದು ಸೂಚನೆಗಳನ್ನು ಹೊರಡಿಸಿತು. 2019–21 ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಗರ್ಭಕೋಶದ ಕೊರಳಿನ ಪರೀಕ್ಷೆ ಒಮ್ಮೆಯಾದರೂ ಆಗಿದೆಯೆಂದು ಹೇಳಿದ ಮೂವತ್ತರಿಂದ ನಲವತ್ತೊಂಬತ್ತು ವಯಸ್ಸಿನ ಹೆಂಗಸರು ನೂರಕ್ಕೆ ಇಬ್ಬರಿಗಿಂತ ಕಡಮೆ.